ಬೀಸುಕಲ್ಲಿನ ಸುತ್ತ ಶಾರ್ಲಮೇನ್

ನಮ್ಮ ಮನೆಯಲ್ಲಿ ಗಂಡಸರು ಕಾಲಿಡದ ಕೋಣೆ ಒಂದೇ ಒಂದಿತ್ತು, ಅದು ಬೀಸುಕಲ್ಲಿನ ಕೋಣೆ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೆಂಗಸರು ಬೀಸುತ್ತ ಪದ ಹೇಳುವಾಗ ಗಂಡಸು ಒಳಗೆ ಹೋಗಬಾರದು ಎಂಬುದು ನಮ್ಮ ಮನೆಯ ರೂಢಿ, ಅಷ್ಟೆ. ಅತ್ತೆಯ ಕಾಟ, ಗಂಡನ ಸಿಟ್ಟು, ತವರಿನ ನೆನಪು ಎಲ್ಲವನ್ನೂ ಅವರು ಆ ಕಲ್ಲಿನ ಮುಂದೆ ಹಾಡಿ ಹಗುರ ಮಾಡಿಕೊಳ್ಳುತ್ತಿದ್ದುದರಿಂದ, ಒಳಗೆ ಹೋಗಿ ಕೇಳಿಸಿಕೊಳ್ಳುವ ಧೈರ್ಯ ಗಂಡಸರಿಗೂ ಇರಲಿಲ್ಲವೋ ಏನೋ. ಸವಣೂರಿನಿಂದ ಯಲವಿಗಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಸಿಗುವ ಸಣ್ಣ ಊರು ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯ ಗೋಡೆಯಾಚೆ ಈ ಕೋಣೆ. ಕಿಟಕಿ ಇರಲಿಲ್ಲ. ಮಾಳಿಗೆಯ ಗವಾಕ್ಷಿಯಿಂದ ಬೀಳುವ ಬೆಳಕಿನಲ್ಲಿ ಹಿಟ್ಟಿನ ದೂಳು ಹಾರಾಡುತ್ತಿತ್ತು. ಯುರೋಪಿನ ಫ್ರಾಂಕರ ದೊರೆ ಶಾರ್ಲಮೇನನ ಹೆಸರನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಅಕ್ಷರ ಬಾರದ ನನ್ನ ಆಯಿಯ ಬಾಯಿಂದ. ಮುಂದೆ ಮೂವತ್ತು ವರ್ಷ ಇತಿಹಾಸ ಕಲಿಸಿ ಅನ್ನ ತಿಂದವಳು ನಾನು. ಆ ಅನ್ನದ ಮೊದಲ ಹಿಡಿ ಬೀಸಿದ್ದು ಆ ಕಲ್ಲು.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಊರಿಗೆ ಹಿಟ್ಟಿನ ಗಿರಣಿ ಬಂದು ಎರಡು ವರ್ಷವಾಗಿದ್ದರೂ ನಮ್ಮ ಮನೆಯ ಜೋಳ ಅದರ ಮುಖ ಕಂಡಿರಲಿಲ್ಲ. ಗಿರಣಿಯ ಹಿಟ್ಟು ಸುಟ್ಟ ವಾಸನೆ ಬರುತ್ತದೆ ಎಂಬುದು ಆಯಿಯ ತೀರ್ಮಾನ. ಅವ್ವನಿಗೆ ಗಿರಣಿಯೇ ಬೇಕಿತ್ತು, ಏಕೆಂದರೆ ಅವಳ ಬಲ ರಟ್ಟೆ ನೋಯುತ್ತಿತ್ತು. ಅತ್ತೆ ಸೊಸೆಯ ಜಗಳವೆಲ್ಲ ಈ ಹಿಟ್ಟಿನದೇ. ಅವ್ವ ಕೈ ಎತ್ತಲಾರೆ ಎಂದು ಕುಳಿತ ಮೇಲೆ, ಕಲ್ಲಿನ ಗೂಟವನ್ನು ಆಯಿಯ ಎದುರು ಕುಳಿತು ಹಿಡಿಯುವ ಕೆಲಸ ಗಿರಿಜತ್ತಿಗೆ ಬಿತ್ತು. ಗಿರಿಜತ್ತಿ ಅಪ್ಪನ ತಂಗಿ. ಚಿಕ್ಕೇರೂರು ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದುಕೊಂಡ. ಹೊಸಬಳು ಒಲೆಯ ಮುಂದೆ, ಇವಳು ಹೊಲ ಮತ್ತು ಸಗಣಿಯ ಮುಂದೆ. ಒಂದು ದಿನ ಮೊಣಕೈ ಸುಟ್ಟುಕೊಂಡು ತವರಿಗೆ ಬಂದಳು. ಸುಟ್ಟದ್ದು ಹೇಗೆ ಎಂದು ಅವಳು ಹೇಳಲಿಲ್ಲ, ಆಯಿ ಕೇಳಲಿಲ್ಲ.

ಅವಳನ್ನು ಕರೆದೊಯ್ಯಲು ಅವಳ ಭಾವ, ಅಂದರೆ ಗಂಡನ ಅಣ್ಣ, ಪ್ರತಿ ವರ್ಷ ಸುಗ್ಗಿ ಮುಗಿದು ಶಿವರಾತ್ರಿಯ ಆಸುಪಾಸಿಗೆ ಗಾಡಿ ಹೂಡಿಕೊಂಡು, ಹಾನಗಲ್ಲಿನಲ್ಲಿ ತಂಗಿ, ಮರುದಿನ ನಮ್ಮ ಬಾಗಿಲಿಗೆ ಬರುತ್ತಿದ್ದ. ದುಡಿಯಲು ಒಂದು ಜೊತೆ ಕೈ ಬೇಕಿತ್ತು, ಅಷ್ಟೇ ಅವರಿಗೆ ಬೇಕಾದದ್ದು. ಅಪ್ಪ ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಹೋಳಿಗೆಯ ಊಟ ಹಾಕಿ, ಸವಣೂರಿನ ವೀಳ್ಯದೆಲೆಯ ಕಟ್ಟು ಕೈಗಿಟ್ಟು, ಕೊನೆಗೆ ಒಂದು ಚೀಲ ಜೋಳ, ಅರ್ಧ ಚೀಲ ಮೆಣಸಿನಕಾಯಿ ಗಾಡಿಗೆ ಹಾಕಿ ಕಳಿಸುತ್ತಿದ್ದ. 'ಈ ವರ್ಷ ಇರಲಿ ಬಿಡ್ರಿ, ಮುಂದಿನ ವರ್ಷ ನೋಡೂಣು' ಎಂಬುದು ಎರಡೂ ಕಡೆಯವರ ಮಾತು. ಒಯ್ಯಲು ಬಂದದ್ದು ಹೆಣ್ಣನ್ನು, ಒಯ್ದದ್ದು ಜೋಳವನ್ನು. ಹೀಗೆ ಮೂರು ಸುಗ್ಗಿ ಕಳೆದವು. ಅಪ್ಪ ಊರ ನ್ಯಾಯ ಬಗೆಹರಿಸುವವನು, ಅಣ್ಣತಮ್ಮಂದಿರ ಆಸ್ತಿಯ ವಾಟ್ನಿ ಮಾಡಿಕೊಡಲು ಹತ್ತು ಊರಿನವರು ಕರೆಯುವವನು. ಅವನ ಮಾತಿದ್ದರೆ ಕಾಗದ ಬೇಡ ಎನ್ನುತ್ತಿದ್ದರು. ಅಂಥವನು ತನ್ನ ಮನೆಯ ನ್ಯಾಯವನ್ನು ಮಾತ್ರ ಚೀಲ ಕೊಟ್ಟು ಮುಂದಕ್ಕೆ ಹಾಕುತ್ತಿದ್ದ.

ಗಿರಿಜತ್ತಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಮುಲ್ಕಿ ಕಲಿತವರನ್ನು ಶಾಲೆಗೆ ಅಕ್ಕೋರಾಗಿ ತೆಗೆದುಕೊಳ್ಳುವ ಕಾಲ ಮುಗಿದಿತ್ತು, ಮ್ಯಾಟ್ರಿಕ್ ಬೇಕಿತ್ತು. ಮನೆಯಲ್ಲೇ ಓದಿ ಪರೀಕ್ಷೆಗೆ ಕೂಡುತ್ತೇನೆ ಎಂದಳು. ಸವಣೂರಿನ ನಿವೃತ್ತ ಮಾಸ್ತರರೊಬ್ಬರು ಪುಸ್ತಕ ಎರವಲು ಕೊಡಲು ಒಪ್ಪಿದರು, ಆದರೆ ಒಂದು ಸಲಕ್ಕೆ ಒಂದು, ಎರಡು ಸಂತೆಯ ಮಟ್ಟಿಗೆ. ಬೇರೆ ಹುಡುಗರೂ ಕಾಯುತ್ತಿದ್ದರು. ಇತಿಹಾಸದ ಪುಸ್ತಕ ಮನೆಗೆ ಬಂದಾಗ ಗಿರಿಜತ್ತಿ ತಲೆಗೆ ಕೈ ಹೊತ್ತು ಕುಳಿತಳು. ಊರಿನ ಹೆಸರು ನಾಲಿಗೆಗೆ ಹೊರಳುವುದಿಲ್ಲ, ದೊರೆಗಳ ಹೆಸರು ಒಂದರಂತೆ ಒಂದು. ಎರಡು ಸಂತೆಯೊಳಗೆ ಇದನ್ನೆಲ್ಲ ಬಾಯಿಪಾಠ ಮಾಡುವುದು ಹೇಗೆ? ಬೆಳಗಿನ ಬೀಸುವ ಹೊತ್ತನ್ನಾದರೂ ಓದಿಗೆ ಬಿಡು ಎಂದು ಆಯಿಯ ಮುಂದೆ ಅಲವತ್ತುಕೊಂಡಳು.

"ಬೀಸೂದು ಬಿಟ್ಟರ ಏನ ತಿಂತಿ? ನಿನ್ನ ಪುಸ್ತಕದ ಹಾಳಿ ತಿಂತಿಯೇನು?"

"ಗಿರಣಿಗೆ ಹಾಕಸೂಣವ್ವ, ಎರಡಽ ವಾರ."

"ಗಿರಣಿ ಹೆಸರ ತೆಗೀಬ್ಯಾಡ. ನಿನ್ನಿ ಏನ ಓದೀದಿ ಅದನ್ನ ಕಲ್ಲಿನ ಮುಂದ ಹೇಳು. ನಾನೂ ಕೇಳತೇನಿ, ಕಲ್ಲೂ ಕೇಳಲಿ."

ಹೀಗೆ ಶುರುವಾಯಿತು. ಸಂಜೆ ಓದಿದ್ದನ್ನು ಗಿರಿಜತ್ತಿ ಮುಂಜಾನೆ ಗೂಟ ತಿರುಗಿಸುತ್ತ ಹೇಳುವುದು, ಆಯಿ ಅದನ್ನು ಮೂರು ಸಾಲಿನ ಬೀಸುವ ಪದವಾಗಿ ಕಟ್ಟುವುದು, ಮರುದಿನ ಇಬ್ಬರೂ ಕೂಡಿ ಅದನ್ನೇ ಹಾಡುವುದು. ಕಾಳು ಹಾಕುವ ನೆಪದಲ್ಲಿ ನಾನೂ ಅಲ್ಲಿಯೇ. ಕಲ್ಲಿನ ಸುತ್ತ ಬಿದ್ದ ಹಿಟ್ಟಿನ ಬಳೆಯಲ್ಲಿ ಗಿರಿಜತ್ತಿ ಬೆರಳಿನಿಂದ ನಕ್ಷೆ ಬರೆಯುತ್ತಿದ್ದಳು. ಇದು ಫ್ರಾಂಕರ ಸೀಮೆ, ಇದು ಸ್ಯಾಕ್ಸನರದು, ಈ ಮೂಲೆಯಲ್ಲಿ ರೋಮ್. ಶಾರ್ಲಮೇನ್ ದೊರೆ ಮೂವತ್ತು ವರ್ಷ ಸ್ಯಾಕ್ಸನರೊಡನೆ ಬಡಿದಾಡಿ, ಸೋತವರನ್ನು ಹೊಳೆಯಲ್ಲಿ ಮುಳುಗಿಸಿ ಎತ್ತಿ ತನ್ನ ಕ್ರಿಸ್ತ ಧರ್ಮಕ್ಕೆ ತಂದ ಎಂದಾಗ ಆಯಿ ಮುಖ ಸಿಂಡರಿಸಿದಳು. 'ದೇವರನ್ನ ಕತ್ತಿ ತೋರಿಸಿ ಕೊಡತಾರೇನ? ಇದನ್ನ ಪದದಾಗ ಹಾಕೂದಿಲ್ಲ ನಾ' ಎಂದಳು. ಪರೀಕ್ಷೆಯಲ್ಲಿ ಕೇಳುತ್ತಾರೆ ಎಂದು ಗಿರಿಜತ್ತಿ ಕಾಡಿ ಹಾಕಿಸಿದಳು. ಬಾಗ್ದಾದಿನ ಖಲೀಫ ಆನೆಯೊಂದನ್ನು ಉಡುಗೊರೆ ಕಳಿಸಿದ ಕಥೆ ಆಯಿಗೆ ಬಹಳ ಸೇರಿತು.

"ಅಷ್ಟ ದೂರ ನಡಕೋತ ಹೋತೇನ ಆನಿ? ದಾರ್ಯಾಗ ಮೇವು ಯಾರ ಹಾಕಿದ್ರು?"

"ಪುಸ್ತಕದಾಗ ಇಲ್ಲವ್ವ ಅದು."

"ಬರದಾವ ಒಂದ ಕರಾನರ ಸಾಕಿದ್ದರ ಬರೀತಿದ್ದ ಬಿಡು."

ಆದರೆ ಆಯಿಯ ಮನಸ್ಸಿಗೆ ನಿಜವಾಗಿ ನಾಟಿದ್ದು ಇನ್ನೊಂದು ಸಂಗತಿ. ಅರ್ಧ ಯುರೋಪನ್ನು ಗೆದ್ದ ಆ ದೊರೆಗೆ ಬರೆಯಲು ಬರುತ್ತಿರಲಿಲ್ಲವಂತೆ. ವಯಸ್ಸಾದ ಮೇಲೆ ಕಲಿಯಬೇಕೆಂದು ಬರೆಯುವ ಹಲಗೆಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು, ಬಿಡುವಾದಾಗ ತಿದ್ದುತ್ತಿದ್ದನಂತೆ. ಕೈ ಕೊನೆಗೂ ಬಾಗಲಿಲ್ಲವಂತೆ. ಇದನ್ನು ಕೇಳಿ ಆಯಿ ಕಲ್ಲಿನ ವೇಗ ಇಳಿಸಿದಳು. ಆಮೇಲೆ ನಿಧಾನ ಪದ ಹೊರಟಿತು.

ಅರಸನ ತಲಿದಿಂಬಿನಡಿಯಾಗ ಕರಿಪಾಟಿ
ಬರಿಯಾಕ ಬೆರಳು ಬಾಗವಲ್ಲು, ನನಕಂದ
ಕರ ನೋಯೂತನಕ ತಿದ್ಯಾನ

ಅಂದು ಮಧ್ಯಾಹ್ನ ನನ್ನ ಒಡೆದ ಪಾಟಿಯ ತುಂಡೊಂದನ್ನು ಆಯಿ ಬೇಡಿ ಇಸಿದುಕೊಂಡಳು. ಅದು ಅವಳ ದಿಂಬಿನ ಕೆಳಗೆ ಹೋಯಿತು. ಅವಳಿಗೆ ಅಕ್ಷರ ತೀಡಿಸಿದವಳು ನಾನು. ತಪ್ಪಿದರೆ ನನ್ನ ಮಾಸ್ತರರು ನನಗೆ ಬೈದಂತೆಯೇ ಅವಳಿಗೆ ಬೈಯುತ್ತಿದ್ದೆ, ಅವಳು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಳು. ನೆನೆದರೆ ಈಗ ನಾಚಿಕೆ, ಜೊತೆಗೆ ಸಂತೋಷ. ಅವಳು ಕಲಿತದ್ದು ಆ ಅರಸ ಕಲಿತಷ್ಟೇ. ಆದರೆ ಕಲಿಯುವವರ ಕೈ ಎಷ್ಟು ನಡುಗುತ್ತದೆ ಎಂದು ನನಗೆ ಗೊತ್ತಾದದ್ದು ಅವಳಿಂದ. ಮುಂದೆ ನಾನು ಯಾವ ಮಗುವಿನ ಕೈ ಮೇಲೂ ಹೊಡೆಯಲಿಲ್ಲ.

ದೊಡ್ಡ ದೊರೆ ಸತ್ತ. ಅವನ ಮೊಮ್ಮಕ್ಕಳು ಮೂವರು ಹೊಡೆದಾಡಿ ರಾಜ್ಯವನ್ನು ಮೂರು ಪಾಲು ಮಾಡಿಕೊಂಡರು. ಗಿರಿಜತ್ತಿ ಹಿಟ್ಟಿನ ಬಳೆಯನ್ನು ಎರಡು ಕಡೆ ಗೀರಿದಳು. ಪಶ್ಚಿಮದ್ದು ಒಬ್ಬನಿಗೆ, ಪೂರ್ವದ್ದು ಒಬ್ಬನಿಗೆ, ನಡುವಿನ ಉದ್ದನೆಯ ಪಟ್ಟಿ ಹಿರಿಯನಿಗೆ. ಅಂದು ಊಟಕ್ಕೆ ಕುಳಿತಾಗ ಅಪ್ಪ ರೊಟ್ಟಿ ಮುರಿಯುತ್ತ, ಯಾರನ್ನೂ ನೋಡದೆ ಒಂದು ಮಾತು ಹೇಳಿದ.

"ನಡುವಿನ ಪಟ್ಟಿ ಹಿರೇಮಗಗ ಕೊಡಬಾರದಾಗಿತ್ತು. ಎರಡೂ ಕಡೆ ಬದುವಿನ ತಂಟಿ."

ಯಾವುದೋ ಊರಿನ ವಾಟ್ನಿಯ ಮಾತು ಎಂದುಕೊಂಡು ನಾವು ಯಾರೂ ಕೇಳಲಿಲ್ಲ.

ಆಮೇಲೆ ಬಂದವರು ಹೊರಗಿನವರು. ದಕ್ಷಿಣದ ಸಮುದ್ರದಿಂದ ಅರಬರು, ಪೂರ್ವದಿಂದ ಕುದುರೆ ಏರಿದ ಮಗ್ಯಾರರು, ಎಲ್ಲರಿಗಿಂತ ಹೆಚ್ಚಾಗಿ ಉತ್ತರದ ಚಳಿಯ ನಾಡಿನಿಂದ ಉದ್ದ ದೋಣಿಗಳಲ್ಲಿ ಬಂದ ನಾರ್ಮನ್ನರು. ಅವರು ಹೊಳೆ ಹಿಡಿದು ಒಳನಾಡಿಗೇ ನುಗ್ಗಿ ಪ್ಯಾರಿಸಿನ ಬಾಗಿಲಿಗೆ ಬಂದರು. ಆ ಪಾಲಿನ ದೊರೆಗೆ ಕಾದುವ ಧೈರ್ಯ ಸಾಲದೆ ಬೆಳ್ಳಿ ಕೊಟ್ಟು ಕಳಿಸಿದ. ಅವರು ಹೋದರು, ಆದರೆ ಮತ್ತೆ ಬಂದರು. ಮತ್ತೆ ಬೆಳ್ಳಿ, ಮತ್ತೆ ದೋಣಿ. ಇದನ್ನು ಗಿರಿಜತ್ತಿ ಪಾಠ ಒಪ್ಪಿಸುವ ದನಿಯಲ್ಲಿಯೇ ಹೇಳಿದಳು. ಆಯಿ ಪದ ಕಟ್ಟಿದಳು.

ಬೆಳ್ಳಿಯ ಕೊಟ್ಟಾನ ಬಾಗಿಲಿಗೆ ಬಂದವರಿಗೆ
ಬೆಳ್ಳಿಯ ರುಚಿ ಕಂಡು ಹೋದವರು, ಮರುವರುಷ
ಹಳ್ಳ ತುಂಬಿದಂಗ ಬಂದಾರ

ಮೂರನೆಯ ಸಾಲು ಮುಗಿದೊಡನೆ ಆಯಿಯ ಕೈ ನಿಂತಿತು. ಕಾಳು ಹಾಕಿದ ಕಲ್ಲನ್ನು ನಡುವೆ ನಿಲ್ಲಿಸುವವಳಲ್ಲ ಅವಳು. ಗಿರಿಜತ್ತಿ ತಲೆ ಎತ್ತಿ ನೋಡಿದಳು. ಇಬ್ಬರೂ ಒಂದೇ ಮಾತನ್ನು ಯೋಚಿಸುತ್ತಿದ್ದರು ಎಂದು ನನಗೂ ತಿಳಿಯಿತು, ಏಕೆಂದರೆ ಪಡಸಾಲೆಯಲ್ಲಿ ಬೀಗರಿಗೆಂದು ಬಾಯಿ ಹೊಲಿದಿಟ್ಟ ಜೋಳದ ಚೀಲ ಆಗಲೇ ಸಿದ್ಧವಾಗಿತ್ತು.

ನಾಲ್ಕು ದಿನಕ್ಕೆ ಭಾವನ ಗಾಡಿ ಬಂತು. ಕಾಲಿಗೆ ನೀರು, ಬೆಲ್ಲ, ಹೋಳಿಗೆ, ಎಲೆ ಅಡಿಕೆ ಯಾವುದಕ್ಕೂ ಆಯಿ ಕಡಿಮೆ ಮಾಡಲಿಲ್ಲ. ಊಟವಾದ ಮೇಲೆ ಅಪ್ಪ ಚೀಲ ಎತ್ತಲು ಹೋದ. ಆಯಿ ಒಂದು ಮೊರದಲ್ಲಿ ಶೇಂಗಾ ಹಾಕಿಕೊಂಡು ಬಂದು ಆ ಚೀಲದ ಮೇಲೆಯೇ ಕುಳಿತು ಸುಲಿಯತೊಡಗಿದಳು. ಅಪ್ಪ ಕೆಮ್ಮಿದ. ಆಯಿ ಸುಲಿದಳು.

"ಅವ್ವಾ, ಏಳು. ಬೀಗರಿಗೆ ಹೊತ್ತಾಗತೈತಿ."

"ಹೋಗ್ಲಿ. ನಾ ಹಿಡದೇನೇನು? ಚೀಲ ಮಾತ್ರ ಈ ಮನ್ಯಾಗ ಇರತೈತಿ."

ಭಾವ ಎದ್ದು ನಿಂತ. "ಹಂಗಾರ ಹುಡಿಗೀನ ಕಳಿಸ್ರಿ. ಈಗಿಂದೀಗ. ನಮ್ಮ ಮನಿ ಹೆಣ್ಣು ಅದು." ಬಾಗಿಲ ಸಂದಿಯಿಂದ ಗಿರಿಜತ್ತಿ, ಪರೀಕ್ಷೆ ಇದೆ ಎಂದಳು. ಭಾವ ನಕ್ಕ. ಆ ನಗೆಗೆ ಅಪ್ಪನಿಗೆ ಅವಮಾನವಾಯಿತೋ, ತಾಯಿ ಬೀಗರ ಎದುರು ಹೀಗೆ ಕುಳಿತದ್ದಕ್ಕೋ, ನ್ಯಾಯ ಹೇಳುವ ದನಿ ತೆಗೆದ.

"ಪರೀಕ್ಷಾ ಮುಗೀಲಿ. ಪಾಸಾದ್ರ ಆಕಿ ನೌಕರಿ ಮಾಡ್ತಾಳ, ನೀವು ಇತ್ತ ಬರೂದು ಬ್ಯಾಡ. ನಪಾಸಾದ್ರ ನಾನಽ ಗಾಡಿ ಹತ್ತಿಸಿ ಕಳಿಸ್ತೇನಿ. ಇದು ನನ್ನ ಮಾತು."

ಅಪ್ಪ 'ನನ್ನ ಮಾತು' ಎಂದ ಮೇಲೆ ಯಾರೂ ಏನೂ ಹೇಳುವಂತಿರಲಿಲ್ಲ. ಗಾಡಿ ಬರಿದಾಗಿ ಹೋಯಿತು. ಗಿರಿಜತ್ತಿ ಅಂದು ಊಟ ಮಾಡಲಿಲ್ಲ.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ಯಲವಿಗಿಯಿಂದ ರೈಲು ಹತ್ತಿ ಗಿರಿಜತ್ತಿ, ಆಯಿ, ನಾನು ಹೋದೆವು. ದೂರದ ನೆಂಟರ ಮನೆಯಲ್ಲಿ ಉಳಿದೆವು. ಇತಿಹಾಸದ ದಿನ ಆಯಿ ಮತ್ತು ನಾನು ಶಾಲೆಯ ಬೇವಿನ ಮರದ ಕೆಳಗೆ ರೊಟ್ಟಿ ಗಂಟು ಹಿಡಿದು ಕಾದೆವು. ಒಳಗೆ ನಡೆದದ್ದನ್ನು ಗಿರಿಜತ್ತಿ ಆಮೇಲೆ ಹೇಳಿದಳು. ಪ್ರಶ್ನೆ ಓದಿದರೆ ಏನೂ ನೆನಪಾಗದು! ಎರಡು ಸಂತೆ ಹಾಡಿದ್ದೆಲ್ಲ ಎಲ್ಲಿಗೆ ಹೋಯಿತು? ಕಲಿತದ್ದೆಲ್ಲ ಕಲ್ಲು ತಿರುಗಿಸುತ್ತ ಕಲಿತದ್ದು, ಕೈ ತಿರುಗದಿದ್ದರೆ ಬಾಯಿಗೆ ಬರುತ್ತಿರಲಿಲ್ಲ. ಕೊನೆಗೆ ಮೇಜಿನ ಮೇಲಿದ್ದ ಮಸಿಯ ದೌತಿಯನ್ನೇ ಹಿಡಿದು ಗರಗರ ತಿರುಗಿಸಲು ಶುರು ಮಾಡಿದಳು. ಮೇಲ್ವಿಚಾರಕರು ಬಂದು ನಿಂತರು.

"ಏನ್ರೀ ಬಾಯಾರ, ಯಾರಿಗೆ ಸನ್ನಿ ಮಾಡಾಕತ್ತೀರಿ?"

"ಸನ್ನಿ ಅಲ್ಲರಿ ಸರ್. ಬೀಸಾಕತ್ತೇನ್ರಿ."

ಅವರು ಒಂದು ಗಳಿಗೆ ಅವಳ ಮುಖ ನೋಡಿ, ದೌತಿ ಚೆಲ್ಲೀತು ಎಂದು ಬದಿಗೆ ಸರಿಸಿ ಹೋದರಂತೆ. ಇವಳು ಎಡಗೈಯ ಮುಷ್ಟಿಯನ್ನು ಮೇಜಿನ ಮೇಲೆ ತಿರುಗಿಸುತ್ತ, ಬಲಗೈಯಲ್ಲಿ ಬರೆದಳು. ಸಾಮ್ರಾಜ್ಯ ಏಕೆ ಬಿತ್ತು ಎಂಬ ಪ್ರಶ್ನೆಗೆ ಪುಸ್ತಕ ಹೊರಗಿನವರ ದಾಳಿಯನ್ನು ಮೊದಲು ಹೇಳುತ್ತಿತ್ತು. ಆಯಿಯ ಪದದಲ್ಲಿ ಮೊದಲು ಒಳಗಿನವರ ಜಗಳ, ಆಮೇಲೆ ಬೆಳ್ಳಿ ಕೊಟ್ಟ ಹೇಡಿತನ, ಕೊನೆಗೆ ದೋಣಿಗಳು. ಗಿರಿಜತ್ತಿ ಪದದ ಕ್ರಮದಲ್ಲೇ ಬರೆದು ಬಂದಿದ್ದಳು.

ಮುಂಗಾರಿನ ಮೊದಲ ಮಳೆಯಾಗಿ ಬಿತ್ತನೆಗೆ ಹೊಲ ಹದವಾಗಿದ್ದಾಗ ಫಲಿತಾಂಶ ಬಂತು. ಇತಿಹಾಸದಲ್ಲಿ ಗಿರಿಜತ್ತಿಗೆ ಬೇರೆ ಯಾವ ವಿಷಯದಲ್ಲಿಯೂ ಬಾರದಷ್ಟು ಅಂಕ ಬಂದಿದ್ದವು. ಇಂಗ್ಲಿಷಿನಲ್ಲಿ ನಪಾಸು. ಒಂದು ವಿಷಯ ಹೋದರೂ ನಪಾಸು ನಪಾಸೇ. ಅವಳು ಅಳಲಿಲ್ಲ. ಟ್ರಂಕು ತೆಗೆದು ಎರಡು ಸೀರೆ ಮಡಿಚಿಟ್ಟಳು. ಅವ್ವ, ನೋಯುವ ರಟ್ಟೆಯನ್ನು ಮರೆತು, ದಾರಿಗೆ ಕಟ್ಟಲೆಂದು ರೊಟ್ಟಿ ಬಡಿದಳು. ರೊಟ್ಟಿ ಬಡಿಯುವ ಸದ್ದು ನನಗೆ ಅಷ್ಟು ಕೆಟ್ಟದಾಗಿ ಎಂದೂ ಕೇಳಿಸಿರಲಿಲ್ಲ. ಬಿತ್ತಲು, ಕಳೆ ತೆಗೆಯಲು ಕೈ ಬೇಕಾಗಿದ್ದ ಭಾವನಿಗೆ ಸುದ್ದಿ ಹೇಗೋ ಮುಟ್ಟಿತ್ತು. ವಾರದೊಳಗೆ ಗಾಡಿ ಬಾಗಿಲಿಗೆ ಬಂತು.

ಅಪ್ಪ ಕಾಲಿಗೆ ನೀರು ಕೊಟ್ಟ. ಊಟಕ್ಕೆ ಹಾಕಿಸಿದ. ಎಲೆ ಅಡಿಕೆ ಕೊಟ್ಟ. ನಾವೆಲ್ಲ ಬೀಸುವ ಕೋಣೆಯಲ್ಲಿ ನಿಂತಿದ್ದೆವು, ಗಿರಿಜತ್ತಿಯ ಕೈಯಲ್ಲಿ ಟ್ರಂಕು. ಆಗ ಪಡಸಾಲೆಯಿಂದ ಅಪ್ಪನ ದನಿ ಕೇಳಿಸಿತು.

"ಬೀಗರ, ಗಾಡಿ ಹೂಡಿಕೊಂಡು ಹೋಗಿ ಬರ್ರಿ. ಹುಡಿಗೀನ ಕಳಸೂದಿಲ್ಲ."

"ಅಂದ್ರ? ನೀವ ಮಾತು ಕೊಟ್ಟೀರಿ."

"ಕೊಟ್ಟೇನಿ. ಕೊಟ್ಟ ಮಾತು ತಪ್ಪಾಕತ್ತೇನಿ. ಹತ್ತೂರಾಗ ಹೇಳ್ರಿ, ನಾ ಇಲ್ಲ ಅನ್ನೂದಿಲ್ಲ."

"ನಿಮ್ಮಂಥಾವ್ರು ಹಿಂಗ ಅಂದ್ರ ಹೆಂಗ್ರಿ?"

"ತಪ್ಪು ನಂದಽ ಐತಿ. ಮೂರ ವರ್ಷ ಜ್ವಾಳ ಕೊಟ್ಟು ನಿಮಗ ದಾರಿ ರೂಢಿ ಮಾಡಿದಾವ ನಾನಽ. ಬೆಳ್ಳಿ ರುಚಿ ಕಂಡವರು ಮರುವರ್ಷ ಹಳ್ಳ ತುಂಬಿದಂಗ ಬರ್ತಾರ. ದೋಣ್ಯಾಗ ಬಂದ್ರೇನು, ಗಾಡ್ಯಾಗ ಬಂದ್ರೇನು."

"ಬೆಳ್ಳಿ ಯಾವಾಗ ಕೊಟ್ರಿ ನೀವು? ಯಾವ ದೋಣಿ?" ಭಾವ ನಿಜಕ್ಕೂ ಗಾಬರಿಯಾಗಿದ್ದ.

ಒಳಗೆ ಗಿರಿಜತ್ತಿಯ ಕೈಯಿಂದ ಟ್ರಂಕು ಜಾರಿ ಕಾಳಿನ ಬುಟ್ಟಿಯ ಮೇಲೆ ಬಿತ್ತು. ಆಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ದಿನವೂ ಅಪ್ಪ ಮುಂಜಾನೆ ಎಚ್ಚರವಾಗಿ, ಪಡಸಾಲೆಯ ಗೋಡೆಗೆ ಮಗ್ಗುಲಾಗಿ ಮಲಗಿ, ನಮ್ಮ ಪದಗಳನ್ನೆಲ್ಲ ಕೇಳುತ್ತಿದ್ದ ಎಂದು ನಮಗೆ ಗೊತ್ತಾದದ್ದು ಆಗ. ನಡುವಿನ ಪಟ್ಟಿ ಹಿರೇಮಗನಿಗೆ ಕೊಡಬಾರದಿತ್ತು ಎಂದದ್ದು ಯಾವುದೋ ಊರಿನ ವಾಟ್ನಿಯ ಮಾತಲ್ಲ, ಶಾರ್ಲಮೇನನ ಮೊಮ್ಮಕ್ಕಳ ಮಾತು ಎಂದೂ ಆಗಲೇ ತಿಳಿಯಿತು.

ಇದಕ್ಕೆ ಅಪ್ಪ ತೆತ್ತದ್ದು ಕಡಿಮೆಯಲ್ಲ. ಭಾವ ಹತ್ತೂರಿನಲ್ಲಿ ಹೇಳಿದ. ಮಾತು ತಪ್ಪಿದವನನ್ನು ನ್ಯಾಯಕ್ಕೆ ಯಾರು ಕರೆಯುತ್ತಾರೆ? ನಮ್ಮ ಕಟ್ಟೆ ಬರಿದಾಯಿತು. ಹಬ್ಬದ ದಿನವೂ ಯಾರೂ ಬಂದು ಕೂಡುತ್ತಿರಲಿಲ್ಲ. ಅಪ್ಪ ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ. ಪ್ರಾಮಾಣಿಕತೆಯ ಬಗ್ಗೆ ನನಗೆ ಬಹಳ ಜನ ಪಾಠ ಹೇಳಿದ್ದಾರೆ. ಮಾತನ್ನು ಯಾವಾಗ ಮುರಿಯಬೇಕು ಎಂದು ಕಲಿಸಿದವನು ಅಪ್ಪ ಒಬ್ಬನೇ. ಅವನ ಋಣ ನನ್ನ ಮೇಲೆ ದೊಡ್ಡದು.

ಗಿರಿಜತ್ತಿ ಮತ್ತೆ ಕೂತು ಇಂಗ್ಲಿಷು ಪಾಸಾದಳು. ಮಾಸೂರಿನ ಶಾಲೆಯಲ್ಲಿ ನೌಕರಿ ಸಿಕ್ಕಿತು. ಹೊರಡುವ ಮುಂಜಾನೆ ಅವಳು ಎಲ್ಲರ ಕಾಲಿಗೆ ನಮಸ್ಕಾರ ಮಾಡಿ, ಅಪ್ಪನ ಮುಂದೆ ಬಂದಳು. ಅಪ್ಪ ತಲೆ ಕೆರೆದುಕೊಂಡ.

"ಗಿರಿಜಾ, ಆ ಪದದ ಕಡೀ ನುಡಿ ನಾ ಕೇಳಿಲ್ಲ. ಅಷ್ಟೊತ್ತಿಗೆ ಎಮ್ಮಿ ಹಿಂಡಾಕ ಎದ್ದು ಹೋಗ್ತಿದ್ದೆ. ದೋಣ್ಯಾಗ ಬಂದಾವ್ರು ಏನಾದ್ರು?"

ಗಿರಿಜತ್ತಿ ಹೊಸ ಸೀರೆಯಲ್ಲೇ ಹೋಗಿ ಕಲ್ಲಿನ ಮುಂದೆ ಕುಳಿತಳು. ಬರಿಗಲ್ಲು ಬೀಸಬಾರದೆಂದು ಆಯಿ ಒಂದು ಹಿಡಿ ಜೋಳ ಹಾಕಿದಳು. ಎದುರಿಗೆ ಗೂಟ ಹಿಡಿಯಲು ಆಯಿ ಕೂಡಬೇಕಿತ್ತು. ಅಪ್ಪ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ದಾಟಿ ಒಳಗೆ ಬಂದು, ಆ ಜಾಗದಲ್ಲಿ ತಾನೇ ಕುಳಿತು ಗೂಟಕ್ಕೆ ಕೈ ಹಾಕಿದ. ಗಿರಿಜತ್ತಿ ಪದ ಎತ್ತಿದಳು.

ಊರ ಸುಟ್ಟವರಿಗೆ ಊರೊಂದು ಬಿಟ್ಟಾರ
ಏರು ಹೂಡ್ಯಾರ ಕತ್ತೀಯ ಕೆಳಗಿಟ್ಟು
ಸೇರು ಬಿತ್ತಿ ಖಂಡಗ ಬೆಳೆದಾರ

ಕತ್ತಿ ಕೆಳಗಿಟ್ಟವರಿಗೆ ಹೊಳೆಯ ದಂಡೆಯ ನೆಲ ಸಿಕ್ಕಿತು, ಅಷ್ಟೇ ಕಥೆ. ಆದರೆ ಅಪ್ಪನಿಗೆ ಪದ ಕೇಳುವ ವ್ಯವಧಾನ ಎಲ್ಲಿಯದು? ನೇಗಿಲ ಮೇಳಿ ಹಿಡಿದ ಕೈ ಅದು. ಗೂಟವನ್ನು ತನ್ನ ಕಡೆಗೇ ಜೋರಾಗಿ ಎಳೆಯುತ್ತಿದ್ದ. ಕಲ್ಲು ತಡವರಿಸಿ, ಕಾಳು ಒಡೆಯದೆ ಹೊರಗೆ ಹಾರಿ, ಹಿಟ್ಟೆಲ್ಲ ಅವನ ಮೀಸೆಗೆ ಹತ್ತಿತು. ಮಾಳಿಗೆಯ ಬೆಳಕಿನಲ್ಲಿ ನಿಂತಿದ್ದ ಆಯಿ ಬಗ್ಗಿ ಮಗನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಜಗ್ಗಬ್ಯಾಡೋ ತಮ್ಮಾ. ಆಕಿ ಕೈ ಕೂಡ ಹೋಗು."